ಕೂಲಿ ಕೊಟ್ಟವನದೇ ಅಂಗಡಿ: ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಪ್ರಕರಣ

ಮೊದಲು ಒಂದು ನಾಣ್ಯ ನೋಡೋಣ. ಬೆಳ್ಳಿಯದು, ಅಂಗೈಯಲ್ಲಿಟ್ಟರೆ ಭಾರ ಗೊತ್ತಾಗುವಷ್ಟು ದೊಡ್ಡದು. ಸ್ಪೇನ್ ದೇಶದ ಡಾಲರ್. ಆ ದೇಶದ ಅಚ್ಚಿನ ಮೇಲೇ ಇನ್ನೊಂದು ಮುದ್ರೆ ಗುದ್ದಿದ್ದಾರೆ. ಸುತ್ತಲೂ ‘ಲಾನಾರ್ಕ್ ಮಿಲ್ಲಿನಲ್ಲಿ ಇದಕ್ಕೆ ಹಣ ಸಿಗುತ್ತದೆ’ ಅನ್ನುವ ಅರ್ಥದ ಇಂಗ್ಲಿಷ್ ಅಕ್ಷರ, ನಡುವೆ ಐದು ಶಿಲ್ಲಿಂಗ್ ಎಂಬ ಗುರುತು.

ಸ್ಪೇನಿನ ದುಡ್ಡಿಗೂ ಸ್ಕಾಟ್ಲೆಂಡಿನ ಹಳ್ಳಿಗೂ ಏನು ಸಂಬಂಧ? 1800ರ ಆಸುಪಾಸು ಬ್ರಿಟನ್ನಿನಲ್ಲಿ ಬೆಳ್ಳಿ ನಾಣ್ಯಕ್ಕೆ ಬರ. ಸಾವಿರಕ್ಕೂ ಜಾಸ್ತಿ ಜನಕ್ಕೆ ಕೂಲಿ ಹಂಚಬೇಕಾದ ನ್ಯೂ ಲಾನಾರ್ಕಿನ ಹತ್ತಿ ಮಿಲ್ಲಿನವರು ಚಿಲ್ಲರೆ ಎಲ್ಲಿಂದ ತರಬೇಕು? ಕೈಗೆ ಸಿಕ್ಕ ಪರದೇಶದ ನಾಣ್ಯಕ್ಕೇ ತಮ್ಮ ಮುದ್ರೆ ಹಾಕಿ ಹಂಚಿದರು. ಅಷ್ಟೇ ವಿಷಯ, ಮೋಸವೇನೂ ಇಲ್ಲ.

ಆದರೆ ಕೂಲಿಯವರ ಕಡೆ ನಿಂತು ನೋಡಿ. ಸಂಬಳ ಕೊಟ್ಟವನ ಹೆಸರು ದುಡ್ಡಿನ ಮೇಲೇ ಇದೆ. ಇರುವ ಮನೆ ಅವನದು. ಮನೆಮುಂದಿನ ರಸ್ತೆ ಅವನದು. ಮುಂದೆ ದಿನಸಿ ಅಂಗಡಿಯೂ ಅವನದೇ ಆಯಿತು, ಮಕ್ಕಳ ಶಾಲೆಯೂ ಅವನದೇ ಆಯಿತು. ಕೊನೆಕೊನೆಗೆ ಮನೆಯ ದೀಪ ಎಷ್ಟು ಗಂಟೆಗೆ ಆರಬೇಕು ಅನ್ನುವುದೂ ಮಿಲ್ಲಿನ ತೀರ್ಮಾನ. ಇಂಥ ಊರಲ್ಲಿ ಬದುಕು ಹೇಗಿರುತ್ತದೆ?

‘ನರಕ’ ಅಂತ ಥಟ್ಟನೆ ಹೇಳಿಬಿಡಬಹುದು. ನ್ಯೂ ಲಾನಾರ್ಕಿನ ವಿಷಯದಲ್ಲಿ ಉತ್ತರ ಅಷ್ಟು ಸುಲಭ ಅಲ್ಲ. ಅದಕ್ಕೇ ಈ ಊರನ್ನು ಆರಿಸಿಕೊಂಡೆ.

ನೀರು ಇದ್ದಲ್ಲಿ ಮಿಲ್ಲು

ಗ್ಲಾಸ್ಗೋ ನಗರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಲಾನಾರ್ಕ್ ಎಂಬ ಹಳೇ ಪಟ್ಟಣ ಇದೆ. ಅದರ ಕೆಳಗೆ ಕ್ಲೈಡ್ ನದಿ ಆಳವಾದ ಕಣಿವೆಯಲ್ಲಿ ಧುಮ್ಮಿಕ್ಕಿ ಹರಿಯುತ್ತದೆ. ಅಲ್ಲಿನ ಕೋರಾ ಲಿನ್ ಜಲಪಾತದ ಎತ್ತರ ಸುಮಾರು 26 ಮೀಟರ್. ಮುಂದೆ ನ್ಯೂ ಲಾನಾರ್ಕ್ ಎದ್ದದ್ದು ಇಲ್ಲೇ, ಆದರೆ 1780ರ ದಶಕದವರೆಗೆ ಆ ಕಣಿವೆಯ ತಳದಲ್ಲಿ ಊರೇ ಇರಲಿಲ್ಲ. ಜೌಗು ನೆಲ, ಇಳಿಜಾರು, ಕಾಡು.

ಅಲ್ಲಿಗೆ ಬಂದವನು ಡೇವಿಡ್ ಡೇಲ್. ಸ್ಟೂವರ್ಟನ್ ಎಂಬ ಊರಿನ ಕಿರಾಣಿ ಅಂಗಡಿಯವನ ಮಗ. ನೇಕಾರಿಕೆ ಕಲಿತು, ನೂಲಿನ ವ್ಯಾಪಾರ ಮಾಡಿ, ಗ್ಲಾಸ್ಗೋದಲ್ಲಿ ದೊಡ್ಡ ಕುಳ ಆಗಿದ್ದ. ನೀರಿನ ಬಲದಿಂದ ಹತ್ತಿ ನೂಲುವ ಯಂತ್ರ ತಂದ ರಿಚರ್ಡ್ ಆರ್ಕ್‌ರೈಟ್‌ನನ್ನು 1784ರಲ್ಲಿ ಕರೆತಂದು ಜಾಗ ತೋರಿಸಿದ. ಇಬ್ಬರೂ ಪಾಲುದಾರರಾದರು, ಸ್ವಲ್ಪ ದಿನಕ್ಕೇ ಜಗಳ ಆಡಿ ದೂರವೂ ಆದರು. ಮಿಲ್ಲು ಮಾತ್ರ ನಿಲ್ಲಲಿಲ್ಲ. ಬಂಡೆ ಕೊರೆದು ಸುರಂಗ ಮಾಡಿ ನದಿಯ ನೀರನ್ನು ಕಾಲುವೆಗೆ ತಿರುಗಿಸಿದರು. 1786ರಲ್ಲಿ ನೂಲು ತೆಗೆಯಲು ಶುರು. 1788ರಲ್ಲಿ ಮೊದಲನೇ ಮಿಲ್ಲು ಸುಟ್ಟುಹೋಯಿತು, ಮತ್ತೆ ಕಟ್ಟಿದರು. 1793ರ ಹೊತ್ತಿಗೆ ನಾಲ್ಕು ಮಿಲ್ಲು.

ಜಲಪಾತ, ಹತ್ತಿ ಮಿಲ್ಲು ಅಂದ ಕೂಡಲೇ ನಮಗೆ ಗೋಕಾಕ ನೆನಪಾಗುತ್ತದೆ, ಅಲ್ವಾ? ಅದು ಬರೀ ಹೋಲಿಕೆ ಅಲ್ಲ. ಘಟಪ್ರಭೆಯ ನೀರಿನ ಬಲ ನಂಬಿ 1885ರಲ್ಲಿ ಶುರುವಾದ ಗೋಕಾಕದ ಮಿಲ್ಲನ್ನು ನಡೆಸಿದ್ದು ಮುಂಬಯಿಯ ಫೋರ್ಬ್ಸ್ ಸಂಸ್ಥೆ. ಅದರ ಮೂಲಪುರುಷ ಜಾನ್ ಫೋರ್ಬ್ಸ್ ಸ್ಕಾಟ್ಲೆಂಡಿನ ಅಬರ್ಡೀನ್‌ಶೈರಿನವನು. ಧುಮುಕುವ ನೀರು ಕಂಡರೆ ನೂಲಿನ ಲೆಕ್ಕ ಹಾಕುವ ಅಭ್ಯಾಸ ಇಲ್ಲಿಗೂ ಬಂತು.

ಮಿಲ್ಲು ಕಟ್ಟುವುದು ಸುಲಭ, ಕೈ ಹುಡುಕುವುದು ಕಷ್ಟ. ಗಂಟೆ ಹೊಡೆದಾಗ ಬಂದು ಗಂಟೆ ಹೊಡೆದಾಗ ಹೋಗುವ ಕೆಲಸಕ್ಕೆ ಸುತ್ತಲಿನ ರೈತಾಪಿ ಜನ ಬರಲಿಲ್ಲ. ಹಾಗಾಗಿ ಡೇಲ್ ಎರಡು ಕಡೆಯಿಂದ ಜನ ತಂದ. ಒಂದು, ಉತ್ತರದ ಗುಡ್ಡಗಾಡಿನಲ್ಲಿ ಜಮೀನು ಕಳೆದುಕೊಂಡವರು. 1791ರಲ್ಲಿ ಸ್ಕೈ ದ್ವೀಪದಿಂದ ಅಮೆರಿಕಕ್ಕೆ ಹೊರಟ ಹಡಗೊಂದು ಬಿರುಗಾಳಿಗೆ ಸಿಕ್ಕಿ ಗ್ರೀನಕ್ ಬಂದರು ಸೇರಿತು. ಅದರಲ್ಲಿದ್ದವರಿಗೆ ಡೇಲ್ ಕೆಲಸ, ಮನೆ ಕೊಡುತ್ತೇನೆ ಅಂದ. ಎಷ್ಟೋ ಜನ ಅಮೆರಿಕದ ಆಸೆ ಬಿಟ್ಟು ಇಲ್ಲೇ ಉಳಿದರು. ಉತ್ತರದ ತುದಿಯ ಕೇತ್‌ನೆಸ್ ಕಡೆಯವರು ಬಂದು ನೆಲೆಸಿದ ಸಾಲಿಗೆ ಇವತ್ತಿಗೂ ಕೇತ್‌ನೆಸ್ ರೋ ಅಂತಲೇ ಹೆಸರು. ಅವರ ಮಾತು ಗೇಲಿಕ್, ಊರವರದು ಸ್ಕಾಟ್ಸ್.

ಎರಡನೇ ಕಡೆ ಅಂದರೆ ಅನಾಥಾಲಯ. ಎಡಿನ್‌ಬರೋ, ಗ್ಲಾಸ್ಗೋಗಳ ಬಡವರ ಆಶ್ರಮಗಳಿಂದ ಐದಾರು ವರ್ಷದ ಮಕ್ಕಳನ್ನು ತಂದರು. ಸುಮಾರು ಐನೂರು ಮಕ್ಕಳು ನಾಲ್ಕನೇ ಮಿಲ್ಲಿನ ಕಟ್ಟಡದಲ್ಲೇ ಮಲಗುತ್ತಿದ್ದರು, ಒಂದು ಹಾಸಿಗೆಗೆ ಮೂವರು. 1793ರಲ್ಲಿ ಮಿಲ್ಲಿನಲ್ಲಿದ್ದ 1,157 ಮಂದಿಯಲ್ಲಿ ಹತ್ತಿರಹತ್ತಿರ ಮೂರನೇ ಎರಡು ಪಾಲು ಎಳೆಯರೇ. ಬೆಳಗ್ಗೆ ಆರಕ್ಕೆ ಶುರು, ಸಂಜೆ ಏಳಕ್ಕೆ ಬಿಡುಗಡೆ. ನಡುವೆ ತಿಂಡಿಗೆ ಅರ್ಧ ಗಂಟೆ, ಊಟಕ್ಕೆ ಒಂದು ಗಂಟೆ. ಏಳರಿಂದ ಒಂಬತ್ತು ರಾತ್ರಿಶಾಲೆ. ನಿದ್ದೆ ತೂಗುವ ಆ ಮಕ್ಕಳು ಏನು ಕಲಿತರೋ!

ಇಷ್ಟಾದರೂ ಆ ಕಾಲಕ್ಕೆ ಡೇಲ್ ಒಳ್ಳೆಯವನು. ಓಟ್ಸ್ ಗಂಜಿಗೆ ಹಾಲು, ಬಾರ್ಲಿ ಸಾರು, ಮಾಂಸ, ಆಲೂಗಡ್ಡೆ, ಚೀಸ್ ಕೊಡುತ್ತಿದ್ದ. ಗೋಡೆಗೆ ಸುಣ್ಣ ಹೊಡೆಸುತ್ತಿದ್ದ. ಬೇರೆ ಮಿಲ್ಲುಗಳಲ್ಲಿ ಇಷ್ಟೂ ಇರಲಿಲ್ಲ. ಇದೇ ಡೇಲ್ 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂಬ ಗ್ಲಾಸ್ಗೋ ಸಂಘಕ್ಕೆ ಅಧ್ಯಕ್ಷ. ಅವನ ಮಿಲ್ಲಿಗೆ ಬರುತ್ತಿದ್ದ ಹತ್ತಿಯನ್ನು ಬಿಡಿಸುತ್ತಿದ್ದವರಲ್ಲಿ ವೆಸ್ಟ್ ಇಂಡೀಸಿನ ಗುಲಾಮರೂ ಇದ್ದರು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಅಂಗಡಿ ಹುಡುಗ ಮಾಲೀಕನಾದದ್ದು

1799ರಲ್ಲಿ ಡೇಲ್ ಮಿಲ್ಲು ಮಾರಿದ. ಬೆಲೆ 60,000 ಪೌಂಡ್, 20 ವರ್ಷದ ಕಂತು. ಕೊಂಡ ಮ್ಯಾಂಚೆಸ್ಟರಿನ ತಂಡದಲ್ಲಿ 28 ವರ್ಷದ ರಾಬರ್ಟ್ ಓವನ್ ಇದ್ದ. ಅದೇ ವರ್ಷ ಡೇಲನ ಮಗಳು ಕ್ಯಾರೊಲಿನ್‌ಳನ್ನು ಮದುವೆಯಾದ. 1800ರ ಜನವರಿ 1ರಂದು ಊರಿನ ಆಡಳಿತ ಕೈಗೆ ತೆಗೆದುಕೊಂಡ.

ಓವನ್ ಅಂದರೆ ಸಮಾಜವಾದದ ಚರಿತ್ರೆಯಲ್ಲಿ ದೊಡ್ಡ ಹೆಸರು. ಆದರೆ ಈ ಪ್ರಕರಣಕ್ಕೆ ಬೇಕಾದದ್ದು ಅವನ ಬಾಲ್ಯದ ಒಂದು ಸಂಗತಿ. ವೇಲ್ಸ್‌ನಲ್ಲಿ ಹುಟ್ಟಿದ ಆತ ಹತ್ತನೇ ವಯಸ್ಸಿಗೇ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ. ಆಮೇಲೆ ಲಂಡನ್ ಸೇತುವೆ ಹತ್ತಿರದ ಅಂಗಡಿಯೊಂದರಲ್ಲಿ ದುಡಿದ. ಆ ಅಂಗಡಿಯ ಪದ್ಧತಿ ಏನೆಂದರೆ: ಉದ್ರಿ ಇಲ್ಲ, ನಗದು ಮಾತ್ರ, ಲಾಭ ಕಡಿಮೆ, ವ್ಯಾಪಾರ ಜಾಸ್ತಿ. ನಮ್ಮ ಕಡೆ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡು ನೇತು ಹಾಕುತ್ತಾರಲ್ಲ, ಆ ಪಾಠವನ್ನು ಓವನ್ ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಕಲಿತಿದ್ದ.

ನ್ಯೂ ಲಾನಾರ್ಕಿಗೆ ಬಂದು ನೋಡಿದರೆ ಉಲ್ಟಾ. ಊರಿನಲ್ಲಿದ್ದ ಚಿಲ್ಲರೆ ಅಂಗಡಿಗಳಲ್ಲಿ ಎಲ್ಲ ಉದ್ರಿ ವ್ಯವಹಾರ. ಕಳಪೆ ಮಾಲು, ಮೇಲೆ ಹೆಚ್ಚಿನ ಬೆಲೆ. ಎಲ್ಲ ಅಂಗಡಿಯಲ್ಲೂ ಹೆಂಡ ಬೇರೆ. ಉದ್ರಿ ಪುಸ್ತಕದ ಗುಟ್ಟು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಬಾಕಿ ಇರುವ ತನಕ ಗಿರಾಕಿ ಬೇರೆ ಅಂಗಡಿ ಮೆಟ್ಟಿಲು ಹತ್ತುವ ಹಾಗಿಲ್ಲ. ತೂಕ ಕಡಿಮೆ ಬಂದರೂ ಬಾಯಿ ಬಿಡುವ ಹಾಗಿಲ್ಲ. ಕೂಲಿ ಏರಿಸಿದರೂ ಏರಿದ್ದು ಅಂಗಡಿಗೇ ಹೋಗುತ್ತದೆ.

ಓವನ್ ಮಿಲ್ಲಿನ ಕಡೆಯಿಂದಲೇ ಅಂಗಡಿ ತೆರೆದ. ಸಗಟಿನಲ್ಲಿ, ಒಳ್ಳೆ ಮಾರುಕಟ್ಟೆಯಿಂದ, ನಗದು ಕೊಟ್ಟು ಮಾಲು ತರಿಸಿದ. ಹಾಲು, ಸೌದೆ ಕಲ್ಲಿದ್ದಲಿಗೂ ಒಟ್ಟಿಗೇ ಕರಾರು ಮಾಡಿಕೊಂಡ. ಕೊಂಡ ಬೆಲೆಯ ಹತ್ತಿರಕ್ಕೇ ಮಾರಿದ. ಹಳೇ ಅಂಗಡಿಗಳು ತಾವಾಗಿಯೇ ಜಾಗ ಖಾಲಿ ಮಾಡಿದವು. ಜನರ ಖರ್ಚು ಕಾಲುಭಾಗ ಇಳಿಯಿತು ಅಂತ ಓವನ್‌ನೇ ಬರೆದಿದ್ದಾನೆ. ಹೇಳಿದವನು ಅಂಗಡಿಯ ಮಾಲೀಕನೇ ಅನ್ನುವುದು ನೆನಪಿರಲಿ. ಆದರೆ ಮಾಲು ಚೆನ್ನಾಗಿತ್ತು, ಅಗ್ಗವಾಗಿತ್ತು ಅನ್ನುವುದನ್ನು ಅವನನ್ನು ಕಂಡರಾಗದವರೂ ಅಲ್ಲಗಳೆಯಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಿಲ್ಲಿನವನೇ ಅಂಗಡಿ ಇಡುವುದು ಬ್ರಿಟನ್ನಿನಲ್ಲಿ ಹೊಸದಲ್ಲ. ಗಣಿಗಳಲ್ಲಿ, ಕಾರ್ಖಾನೆಗಳಲ್ಲಿ ಆ ಪದ್ಧತಿ ಎಲ್ಲೆಡೆ ಇತ್ತು. ಕೂಲಿಯನ್ನು ಚೀಟಿಯಲ್ಲೋ ಸಾಮಾನಿನಲ್ಲೋ ಕೊಡುವುದು, ಆ ಚೀಟಿ ನಡೆಯುವುದು ಮಾಲೀಕನ ಅಂಗಡಿಯಲ್ಲಿ ಮಾತ್ರ, ಅಲ್ಲಿ ಬೆಲೆ ದುಬಾರಿ. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಳ್ಳುವ ಆಟ. ಅದು ಎಷ್ಟು ಮಿತಿಮೀರಿತೆಂದರೆ 1831ರಲ್ಲಿ ಪಾರ್ಲಿಮೆಂಟು ಕಾನೂನು ತಂದು, ಅನೇಕ ಉದ್ಯಮಗಳಲ್ಲಿ ಕೂಲಿಯನ್ನು ನಗದಿನಲ್ಲೇ ಕೊಡಬೇಕು ಅಂತ ಕಟ್ಟು ಮಾಡಿತು.

ಹೊರಗಿನಿಂದ ನೋಡಿದರೆ ನ್ಯೂ ಲಾನಾರ್ಕಿನ ಅಂಗಡಿಗೂ ಆ ಸುಲಿಗೆ ಅಂಗಡಿಗೂ ವ್ಯತ್ಯಾಸವೇ ಇಲ್ಲ. ಒಬ್ಬನೇ ಮಾಲೀಕ, ಒಂದೇ ಅಂಗಡಿ, ಕೊಟ್ಟ ಕೂಲಿ ತಿರುಗಿ ಅವನ ಗಲ್ಲಾಕ್ಕೇ. ವ್ಯತ್ಯಾಸ ಇದ್ದದ್ದು ಗಲ್ಲಾದಿಂದ ದುಡ್ಡು ಎಲ್ಲಿಗೆ ಹೋಗುತ್ತಿತ್ತು ಅನ್ನುವುದರಲ್ಲಿ. ಮುಂದಿನ ವರ್ಷಗಳಲ್ಲಿ ಅಂಗಡಿಯ ಲಾಭ, ವರ್ಷಕ್ಕೆ ಸುಮಾರು 700 ಪೌಂಡ್, ಊರ ಶಾಲೆಯ ಖರ್ಚಿಗೆ ಹೋಯಿತು. ಅಂದರೆ ಸಕ್ಕರೆ, ಹಿಟ್ಟು, ಮೇಣದಬತ್ತಿ ಕೊಂಡ ತಾಯಿಯೇ ಗೊತ್ತಿಲ್ಲದ ಹಾಗೆ ಮಗುವಿನ ಶಾಲೆಯ ಖರ್ಚನ್ನೂ ಕಟ್ಟುತ್ತಿದ್ದಳು.

ಇದನ್ನು ನಾನು ಮೆಚ್ಚುತ್ತೇನೆ. ಆದರೆ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಆ ತಾಯಿಯನ್ನು ಯಾರೂ ಕೇಳಲಿಲ್ಲ. ಇದು ಮುಂದೆ ಬರುತ್ತದೆ.

ಮರದ ತುಂಡು, ಹರಾಜು, ಶಾಲೆ

ಮೊದಮೊದಲು ಊರವರಿಗೆ ಓವನ್ ಮೇಲೆ ನಂಬಿಕೆ ಇರಲಿಲ್ಲ. ಪರಊರಿನವನು, ಮಾತು ಬೇರೆ, ಬಂದವನೇ ಕಟ್ಟುನಿಟ್ಟು ಶುರು ಮಾಡಿದ. ಹೊಸದಾಗಿ ಅನಾಥ ಮಕ್ಕಳನ್ನು ತರುವುದು ನಿಲ್ಲಿಸಿದ್ದು, ಹತ್ತು ವರ್ಷದೊಳಗಿನವರಿಗೆ ಕೆಲಸ ಬೇಡ ಅಂದದ್ದು ಸರಿ. ಆದರೆ ರಾತ್ರಿ ಹೊತ್ತು ಮೀರಿ ತಿರುಗುವ ಹಾಗಿಲ್ಲ, ಕುಡಿದರೆ ದಂಡ. ಮನೆಯೊಳಗಿನ ಚೊಕ್ಕಟ ನೋಡಲು ತಪಾಸಣೆಯವರು ಬರುತ್ತಿದ್ದರು. ಹೆಂಗಸರು ಅವರ ಮುಖಕ್ಕೇ ಬಾಗಿಲು ಹಾಕಿದರು, ‘ತಿಗಣೆ ಹುಡುಕುವವರು’ ಅಂತ ಹೆಸರಿಟ್ಟು ನಕ್ಕರು. ಒಂದೇ ಕೋಣೆಯ ಲೈನ್ ಮನೆಗಳು ಅವು. ಗೋಡೆಯೊಳಗೆ ಕೂರಿಸಿದ ಮಂಚ, ಅದರ ಕೆಳಗೆ ಹಗಲು ತಳ್ಳಿಟ್ಟು ರಾತ್ರಿ ಎಳೆದುಕೊಳ್ಳುವ ಗಾಲಿ ಮಂಚ. ಅದಕ್ಕೆ ‘ಹರ್ಲಿ’ ಅನ್ನುತ್ತಿದ್ದರು. ಅಷ್ಟು ಇಕ್ಕಟ್ಟಿನಲ್ಲಿ ಇಡೀ ಸಂಸಾರ. ಅಂಥ ಮನೆಗೆ ಬಂದು ಮೂಲೆ ಧೂಳು ಎಣಿಸಿದರೆ ಯಾರಿಗೆ ಸಿಟ್ಟು ಬರಲ್ಲ?

ಮಿಲ್ಲಿನೊಳಗೆ ಇನ್ನೊಂದು ಉಪಾಯ. ಎರಡು ಅಂಗುಲ ಉದ್ದದ, ನಾಲ್ಕು ಮುಖದ ಒಂದು ಮರದ ತುಂಡು. ಒಂದು ಮುಖಕ್ಕೆ ಕಪ್ಪು, ಒಂದಕ್ಕೆ ನೀಲಿ, ಒಂದಕ್ಕೆ ಹಳದಿ, ಒಂದಕ್ಕೆ ಬಿಳಿ. ಪ್ರತಿಯೊಬ್ಬ ಕೆಲಸಗಾರರ ಹತ್ತಿರವೂ ಒಂದೊಂದು ತೂಗುಹಾಕಿದ್ದರು. ನಿನ್ನೆಯ ನಡತೆ ಕೆಟ್ಟದಿದ್ದರೆ ಕಪ್ಪು ಮುಖ ಮುಂದೆ, ಪರವಾಗಿಲ್ಲ ಅಂದರೆ ನೀಲಿ, ಒಳ್ಳೆಯದಕ್ಕೆ ಹಳದಿ, ತುಂಬಾ ಒಳ್ಳೆಯದಕ್ಕೆ ಬಿಳಿ. ದಿನದಿನದ ಬಣ್ಣ ಪುಸ್ತಕಕ್ಕೆ ಏರುತ್ತಿತ್ತು. ಇದಕ್ಕೆ ‘ಮೂಕ ಮೇಲ್ವಿಚಾರಕ’ ಅಂತ ಹೆಸರು. ಓವನ್ ಸುಮ್ನೆ ಸಾಲಿನ ನಡುವೆ ನಡೆದು ಹೋಗುತ್ತಿದ್ದನಂತೆ. ಬಣ್ಣ ನೋಡುವುದು, ಮನುಷ್ಯನ ಮುಖ ನೋಡುವುದು, ಒಂದು ಮಾತೂ ಆಡದೆ ಮುಂದೆ ಹೋಗುವುದು. ಹೊಡೆತ ಬಡಿತಕ್ಕಿಂತ ಇದು ವಾಸಿ ಅನ್ನೋಣ. ಬಣ್ಣ ಸರಿಯಿಲ್ಲ ಅನಿಸಿದರೆ ನೇರ ಅವನಿಗೇ ದೂರು ಕೊಡಬಹುದಿತ್ತು. ಆದರೂ ನೆರೆಮನೆಯವರ ಎದುರು ಇಡೀ ದಿನ ಕಪ್ಪು ತುಂಡಿನ ಕೆಳಗೆ ನಿಲ್ಲುವ ಅವಮಾನ ಸಣ್ಣದಲ್ಲ.

ಜನ ಒಲಿದದ್ದು ಇವುಗಳಿಂದಲ್ಲ. ಅಮೆರಿಕ ರಫ್ತು ನಿಲ್ಲಿಸಿ ಹತ್ತಿಯ ಬೆಲೆ ಏರಿದಾಗ ಓವನ್ ನಾಲ್ಕು ತಿಂಗಳು ಮಿಲ್ಲು ನಿಲ್ಲಿಸಿದ. ಯಂತ್ರ ಒರೆಸಿಟ್ಟುಕೊಳ್ಳಿ ಅಂದ. ಒಂದು ಪೆನ್ನಿಯನ್ನೂ ಮುರಿಯದೆ ಪೂರ್ತಿ ಕೂಲಿ ಕೊಟ್ಟ. ಒಟ್ಟು 7,000 ಪೌಂಡಿಗೂ ಹೆಚ್ಚು. ಅಲ್ಲಿಂದ ಗಾಳಿ ತಿರುಗಿತು.

ಪಾಲುದಾರರಿಗೆ ಮಾತ್ರ ಹೊಟ್ಟೆಯುರಿ. ಲಾಭ ಬರಲಿ, ಶಾಲೆ ಯಾಕೆ ಅನ್ನುವುದು ಅವರ ವಾದ. ಜಗಳ ಹರಾಜಿಗೆ ಬಂತು. 1813ರ ಕೊನೆ, ಗ್ಲಾಸ್ಗೋ. ಓವನ್ ಹೇಳಿಕೊಂಡ ಪ್ರಕಾರ, ಈ ಮಿಲ್ಲು 40,000 ಪೌಂಡ್ ಕೂಡ ಬಾಳಲ್ಲ ಅಂತ ಸುದ್ದಿ ಹಬ್ಬಿಸಿದ್ದು ಅದೇ ಪಾಲುದಾರರು. ಹರಾಜಿನಲ್ಲಿ 1,14,000 ಪೌಂಡಿನ ತನಕ ಕೂಗಿದವರೂ ಅವರೇ! ಓವನ್ ಕಡೆಯವರು ಇನ್ನು 100 ಪೌಂಡ್ ಸೇರಿಸಿ 1,14,100ಕ್ಕೆ ಮಿಲ್ಲು ಹಿಡಿದರು. ಅವನ ಹೊಸ ಪಾಲುದಾರರಲ್ಲಿ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ ಇದ್ದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ವಿಲಿಯಂ ಆಲನ್ ಇದ್ದ. ಬಂಡವಾಳಕ್ಕೆ ನೂರಕ್ಕೆ ಐದರಷ್ಟು ಪ್ರತಿಫಲ ಸಾಕು, ಉಳಿದದ್ದು ಊರಿನ ಕಲಿಕೆಗೆ ಹೋಗಲಿ ಅಂತ ಒಪ್ಪಂದ. ಓವನ್ ವಾಪಸ್ಸು ಬಂದ ದಿನ ಜನ ಅವನ ಗಾಡಿಯ ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ಹೋದರು.

1816ರ ಹೊಸವರ್ಷದ ದಿನ ಊರ ನಡುವೆ ಹೊಸ ಕಟ್ಟಡ ತೆರೆಯಿತು. ನಡೆಯಲು ಕಲಿತ ಮಗುವಿಗೂ ಅಲ್ಲಿ ಜಾಗ. ಬ್ರಿಟನ್ನಿನ ಮೊದಲ ಶಿಶುಶಾಲೆಗಳಲ್ಲಿ ಇದೂ ಒಂದು. ಮೊದಲ ಮೇಷ್ಟ್ರು ಜೇಮ್ಸ್ ಬುಕಾನನ್, ಕೈಮಗ್ಗದ ನೇಕಾರ. ಜೊತೆಗೆ ಮೊಲ್ಲಿ ಯಂಗ್ ಅನ್ನುವ 17 ವರ್ಷದ ಮಿಲ್ಲಿನ ಹುಡುಗಿ. ಓದಿದವರನ್ನು ಬಿಟ್ಟು ಓವನ್ ಇವರನ್ನು ಆರಿಸಿದ್ದು ಯಾಕೆಂದರೆ ಇಬ್ಬರಿಗೂ ಮಕ್ಕಳ ಮೇಲೆ ತಾಳ್ಮೆ ಇತ್ತು. ಹೊಡೆಯುವ ಹಾಗಿಲ್ಲ, ಗದರಿಸುವ ಹಾಗಿಲ್ಲ. ಹಾಡು, ಕುಣಿತ, ಗೋಡೆ ತುಂಬ ಪ್ರಾಣಿಗಳ ಚಿತ್ರ, ನಕಾಶೆ. ಈ ಮಕ್ಕಳನ್ನು ನೋಡಲು ಯುರೋಪಿನ ಮೂಲೆಮೂಲೆಯಿಂದ ಜನ ಬಂದರು. ಹತ್ತು ವರ್ಷದಲ್ಲಿ ಸಂದರ್ಶಕರ ಪುಸ್ತಕದಲ್ಲಿ ಸುಮಾರು 20,000 ಹೆಸರು. ಮುಂದೆ ರಷ್ಯಾದ ಚಕ್ರವರ್ತಿಯಾದ ನಿಕೊಲಸ್ ಕೂಡ ಬಂದಿದ್ದ.

ಕೇಳದೆ ಮಾಡಿದ ಉಪಕಾರ

ಈಗ ಆ ತಾಯಿಯ ಮಾತಿಗೆ ಬರೋಣ. ಊರಲ್ಲಿ ಕಾಯಿಲೆ ನಿಧಿ ಇತ್ತು. ಪ್ರತಿಯೊಬ್ಬರ ಕೂಲಿಯಲ್ಲಿ ಅರವತ್ತನೇ ಒಂದು ಪಾಲು ಹಿಡಿದು ನಿಧಿಗೆ ಹಾಕುತ್ತಿದ್ದರು. ಹುಷಾರಿಲ್ಲದಾಗ, ವಯಸ್ಸಾದಾಗ ಅದರಿಂದ ಸಹಾಯ. ಕೇಳಿದರೆ ಒಳ್ಳೆಯದೇ. ಆದರೆ 1820ರ ದಶಕದಲ್ಲಿ ಕೆಲಸಗಾರರೇ ಪಾಲುದಾರರಿಗೆ ದೂರು ಬರೆದರು. ನಮ್ಮದೇ ದುಡ್ಡಿನ, ನಮಗೇ ಸೇರಿದ ವಿಷಯದಲ್ಲಿ ಓವನ್ ಹೇಳಿದ್ದನ್ನೆಲ್ಲ ನಾವು ಒಪ್ಪಲೇಬೇಕು ಅನ್ನುವುದು ದೊಡ್ಡ ಅನ್ಯಾಯ ಅನ್ನುವುದು ಅವರ ದೂರಿನ ಸಾರಾಂಶ.

ಈ ಊರಿನ ಬಗ್ಗೆ ಹೊಗಳಿಕೆ ಬೇಕಾದಷ್ಟು ಸಿಗುತ್ತದೆ. ನನಗೆ ಜಾಸ್ತಿ ಬೆಲೆಯದ್ದು ಅನಿಸುವುದು ಈ ದೂರು. ಹೊಟ್ಟೆ ತುಂಬಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಅಂಗಡಿಯಲ್ಲಿ ಮೋಸ ಇಲ್ಲ. ಆದರೂ ನಮ್ಮನ್ನು ಒಂದು ಮಾತು ಕೇಳಿ ಅನ್ನುತ್ತಿದ್ದಾರೆ.

1819ರಲ್ಲಿ ಬಂದ ಕವಿ ರಾಬರ್ಟ್ ಸೌದಿ ಇನ್ನೂ ಖಾರವಾಗಿ ಬರೆದ. ಊರು ಚೆನ್ನಾಗಿದೆ, ಓವನ್ ಒಳ್ಳೆಯವನು, ಆದರೆ ಮೂಲದಲ್ಲಿ ಇದು ಗುಲಾಮರ ತೋಟವೇ, ಇಲ್ಲಿನವರು ಬಿಳಿಯರು ಅನ್ನುವುದೊಂದೇ ವ್ಯತ್ಯಾಸ ಅನ್ನುವ ಧಾಟಿ. ಇದು ಅತಿಯಾಯಿತು. ನ್ಯೂ ಲಾನಾರ್ಕಿನವರು ಬಿಟ್ಟು ಹೋಗಬಹುದಿತ್ತು. ಆ ಹತ್ತಿ ಬಿಡಿಸಿದ ಗುಲಾಮರಿಗೆ ಆ ಬಾಗಿಲೇ ಇರಲಿಲ್ಲ. ಆದರೆ ಊರಿನ ಒಳಿತೆಲ್ಲ ಒಬ್ಬನ ಮರ್ಜಿಗೆ ನೇತುಬಿದ್ದಿದೆ ಅನ್ನುವುದನ್ನು ಸೌದಿ ಸರಿಯಾಗಿಯೇ ಹಿಡಿದ.

ಅದು ಬೇಗ ಗೊತ್ತಾಯಿತು. ವಿಲಿಯಂ ಆಲನ್‌ಗೆ ಶಾಲೆಯ ಹಾಡು, ಕುಣಿತ ಹಿಡಿಸಲಿಲ್ಲ. ಬೈಬಲ್ ಪಾಠ ಸಾಲದು ಅಂದ. ಹುಡುಗರ ಮೊಣಕಾಲು ಕಾಣುವ ಉಡುಪಿಗೂ ತಕರಾರು ತೆಗೆದ. ಆರು ವರ್ಷ ದಾಟಿದ ಹುಡುಗರು ಚಡ್ಡಿಯೋ ಪ್ಯಾಂಟೋ ಹಾಕಲೇಬೇಕು ಅಂತ 1824ರ ಒಪ್ಪಂದದಲ್ಲಿ ಬರೆಸಿದರು. ಇಷ್ಟು ದೊಡ್ಡ ಪ್ರಯೋಗ ಒಂದು ಚಡ್ಡಿಯ ಜಗಳಕ್ಕೆ ಬಂದು ನಿಂತಿತು. ಬೇಸತ್ತ ಓವನ್ ಅಮೆರಿಕದ ಇಂಡಿಯಾನಾದಲ್ಲಿ ನ್ಯೂ ಹಾರ್ಮನಿ ಅನ್ನುವ ಇಡೀ ಊರನ್ನೇ ಕೊಂಡು ಹೊರಟುಹೋದ. ಅದು ಕೆಲವೇ ವರ್ಷದಲ್ಲಿ ಕುಸಿಯಿತು, ಆ ಕಥೆ ಬೇರೆ.

ಅಂಗಡಿಯ ಕಥೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. 1844ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಊರಿನಲ್ಲಿ 28 ಜನ ಸೇರಿ ಪುಟ್ಟ ಅಂಗಡಿ ಹಾಕಿದರು. ಹಿಟ್ಟು, ಓಟ್ಸ್, ಬೆಣ್ಣೆ, ಸಕ್ಕರೆ, ಮೇಣದಬತ್ತಿ, ಇಷ್ಟೇ ಮಾಲು. ಅವರಲ್ಲಿ ಹಲವರು ಓವನ್‌ನ ಹಿಂಬಾಲಕರು. ಒಳ್ಳೆ ಮಾಲು, ಸರಿ ತೂಕ, ನಗದು ವ್ಯಾಪಾರ, ಎಲ್ಲ ನ್ಯೂ ಲಾನಾರ್ಕಿನ ಹಾಗೇ. ಬದಲಾದದ್ದು ಒಂದೇ: ಅಂಗಡಿ ಗಿರಾಕಿಗಳದ್ದೇ. ಲಾಭವನ್ನು ಕೊಂಡಷ್ಟಕ್ಕೆ ತಕ್ಕಂತೆ ಹಂಚಿಕೊಂಡರು, ತಲೆಗೊಂದು ಓಟು ಇಟ್ಟುಕೊಂಡರು. ಗ್ರಾಹಕರ ಸಹಕಾರ ಸಂಘ ಅಂದರೆ ಇವತ್ತಿಗೂ ಇದೇ ಮಾದರಿ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಸಂಘ ಸಾಲ ಕೊಡುವ ಸಂಘ. ಅದರ ಹಿಂದಿನ ಕಾನೂನು ಜರ್ಮನಿಯ ಹಳ್ಳಿ ಬ್ಯಾಂಕುಗಳ ಕಡೆ ನೋಡಿ ಮಾಡಿದ್ದು. ಹಾಗಾಗಿ ಓವನ್‌ಗೂ ಕಣಗಿನಹಾಳಕ್ಕೂ ನೇರ ಗಂಟು ಹಾಕಲಾರೆ. ಆದರೆ ‘ಸೊಸೈಟಿ ಅಕ್ಕಿ’, ‘ಸೊಸೈಟಿ ಸಾಲ’ ಅಂತ ನಾವು ದಿನಾ ಅನ್ನುವ ಆ ಪದ ಈ ಸಹಕಾರದ ಮನೆತನದ್ದೇ.

ಹತ್ತು ಗಂಟೆಗೆ ಆರುವ ಬಲ್ಬು

ಓವನ್ ಹೋದ ಮೇಲೆ ವಾಕರ್ ಕುಟುಂಬ 1881ರ ತನಕ ಮಿಲ್ಲು ನಡೆಸಿತು. ಕೆಟ್ಟದಾಗಿ ನಡೆಸಲಿಲ್ಲ, ಹೊಸದೇನೂ ಮಾಡಲಿಲ್ಲ. ಆಮೇಲೆ ಗೂರಕ್ ಹಗ್ಗದ ಕಂಪನಿಯವರ ಕೈಗೆ ಬಂತು. ಹತ್ತಿ ನೂಲಿನ ಜೊತೆಗೆ ಮೀನಿನ ಬಲೆ, ಕ್ಯಾನ್ವಾಸ್ ಬಟ್ಟೆ ಶುರುವಾಯಿತು.

1898ರಲ್ಲಿ ಆ ಮಾಲೀಕರು ಮನೆಮನೆಗೂ ಪುಕ್ಕಟೆ ಕರೆಂಟು ಕೊಟ್ಟರು. ಎಷ್ಟೋ ನಗರಗಳ ಮನೆಗಳಲ್ಲಿ ಇನ್ನೂ ಎಣ್ಣೆದೀಪ ಇದ್ದ ಕಾಲ ಅದು. ಕೋಣೆಗೊಂದು ಮಂದ ಬಲ್ಬು. ರಾತ್ರಿ ಹತ್ತಾದರೆ ಮಿಲ್ಲಿನವರೇ ಕರೆಂಟು ತೆಗೆಯುತ್ತಿದ್ದರು, ಇಡೀ ಊರು ಕತ್ತಲು. ಶನಿವಾರ ಮಾತ್ರ ಒಂದು ಗಂಟೆ ವಿನಾಯಿತಿ, ಹನ್ನೊಂದರ ತನಕ. ಮದುವೆಯೋ, ಮನೆಯಲ್ಲಿ ಹೆರಿಗೆಯೋ ಇದ್ದರೆ ಮೇಣದಬತ್ತಿ ತೆಗೆದಿಟ್ಟುಕೊಂಡೇ ಇರಬೇಕು. 1955ರಲ್ಲಿ ದೇಶದ ವಿದ್ಯುತ್ ಜಾಲಕ್ಕೆ ಸೇರುವ ತನಕ ಹೀಗೇ ನಡೆಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದಿಡೀ ಊರಿನ ನಿದ್ದೆಯ ಹೊತ್ತು ಮಿಲ್ಲಿನ ಕೈಯಲ್ಲಿತ್ತು.

1933ರಲ್ಲಿ ಮನೆಯೊಳಗೆ ತಣ್ಣೀರಿನ ನಲ್ಲಿ ಬಂತು, ಹೊರಗಿನ ಸಾಮೂಹಿಕ ಕಕ್ಕಸು ಹೋಗಿ ಒಳಗೆ ಬಂತು. ಅದೇ ದಶಕದಲ್ಲಿ ಊರ ಅಂಗಡಿಯನ್ನು ಲಾನಾರ್ಕ್ ಪಟ್ಟಣದ ಸಹಕಾರ ಸಂಘ ವಹಿಸಿಕೊಂಡಿತು. ಓವನ್ ಬಿತ್ತಿದ ಬೀಜ ರೋಚ್‌ಡೇಲ್‌ನಲ್ಲಿ ಮೊಳೆತು, ದೇಶ ಸುತ್ತಿ, ಅವನದೇ ಅಂಗಡಿಗೆ ಗಿರಾಕಿಗಳ ಮಾಲಿಕತ್ವವಾಗಿ ವಾಪಸ್ಸು ಬಂತು. ಇದಕ್ಕೆ ನೂರಕ್ಕೂ ಜಾಸ್ತಿ ವರ್ಷ ಹಿಡಿಯಿತು.

1968ರಲ್ಲಿ ಮಿಲ್ಲು ಮುಚ್ಚಿತು. 1820ರ ಸುಮಾರಿಗೆ ಎರಡೂವರೆ ಸಾವಿರ ಜನ ಇದ್ದ ಊರು ಬರಿದಾಯಿತು. ಮಿಲ್ಲಿನ ಕಟ್ಟಡಗಳನ್ನು ಹಳೇ ಲೋಹದ ವ್ಯಾಪಾರದವರು ಕೊಂಡರು. ನೂಲಿನ ಅಂಗಳದಲ್ಲಿ ಗುಜರಿ ರಾಶಿ ಬಿತ್ತು. ಒಬ್ಬನೇ ಮಾಲೀಕ ಇರುವ ಊರಿನ ಗತಿ ಇದು. ಅವನು ಎದ್ದು ಹೋದರೆ ಮನೆ, ಅಂಗಡಿ, ಶಾಲೆ ಎಲ್ಲ ಒಟ್ಟಿಗೇ ಬೀಳುತ್ತದೆ. ಬೇರೆ ಊರಲ್ಲಾದರೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಇರುತ್ತದೆ.

ಉಳಿದದ್ದು ಸುಮ್ಮನೆ ಉಳಿಯಲಿಲ್ಲ. 1963ರಲ್ಲೇ ಒಂದು ವಸತಿ ಸಂಘ ಹುಟ್ಟಿ ಕೇತ್‌ನೆಸ್ ರೋ ಸಾಲಿನ ರಿಪೇರಿಗೆ ಕೈ ಹಾಕಿತ್ತು. 1970ರ ದಶಕದ ನಡುವೆ ಸಂರಕ್ಷಣಾ ಟ್ರಸ್ಟ್ ಬಂತು. ಗುಜರಿಯವರು ಬಿಡದಿದ್ದಾಗ 1983ರಲ್ಲಿ ಕಾನೂನಿನ ಬಲದಿಂದ ಕಟ್ಟಡಗಳನ್ನು ವಶಪಡಿಸಿಕೊಂಡರು. ಚಾವಣಿ ಹಾರಿದ ಮಿಲ್ಲು, ಕಿಟಕಿ ಇಲ್ಲದ ಮನೆ, ಒಂದೊಂದೇ ಎದ್ದು ನಿಂತವು. 2001ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಈಗ ಒಂದನೇ ಮಿಲ್ಲು ಹೋಟೆಲ್ಲು. ಓವನ್‌ನ ಅಂಗಡಿಯನ್ನು ಹಳೇ ಕಾಲದಂತೆ ಜೋಡಿಸಿಟ್ಟಿದ್ದಾರೆ, ನೋಡಲು ಟಿಕೆಟ್ಟು. ನೂಲುವ ಯಂತ್ರ ಇನ್ನೂ ತಿರುಗುತ್ತದೆ, ಹತ್ತಿಯದಲ್ಲ, ಉಣ್ಣೆಯ ನೂಲು ತೆಗೆಯುತ್ತಾರೆ. ನದಿಯ ನೀರಿನಿಂದ ಟರ್ಬೈನ್ ಓಡಿಸಿ ಕರೆಂಟು ಮಾಡುತ್ತಾರೆ. ಐಸ್‌ಕ್ರೀಮ್ ಕೂಡ ಅಲ್ಲೇ ತಯಾರಾಗುತ್ತದೆ.

ಇದು ಬರೀ ವಸ್ತುಸಂಗ್ರಹಾಲಯ ಅಲ್ಲ. ಆ ಕಲ್ಲಿನ ಸಾಲುಮನೆಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಅವರಿಗೂ ನಿಯಮ ಇದೆ. ಮನೆ ಮೇಲೆ ಆಂಟೆನಾ ಹಾಕುವ ಹಾಗಿಲ್ಲ, ಡಿಶ್ ಹಾಕುವ ಹಾಗಿಲ್ಲ. ಟಿವಿ, ಫೋನು, ಕರೆಂಟು ಎಲ್ಲ ನೆಲದಡಿಯ ಕೇಬಲ್ಲಿನಲ್ಲಿ. ಹೊರಗೆ ಕಾಣುವ ಮರಕ್ಕೆಲ್ಲ ಬಿಳಿ ಬಣ್ಣವೇ ಬಳಿಯಬೇಕು. ನಾಯಿ ಸಾಕುವುದಕ್ಕೂ ಒಂದು ಕಾಲಕ್ಕೆ ಅಡ್ಡಿ ಇತ್ತು. ಆ ನಿಯಮವನ್ನು ಈಗ ಯಾರೂ ಜೋರು ಮಾಡುವುದಿಲ್ಲ.